ಮುಚ್ಚಳದ ಸದ್ದಿಗೆ ಮೇಲೆದ್ದು ಬಂದ ಮ್ಯಾನೇಜರ್

ಬೆಳಗಿನ ಐದೂಮುಕ್ಕಾಲು. ಹಾಂಗ್‌ಕಾಂಗಿನ ಟುಂಗ್ ಚೋಯ್ ಬೀದಿಯ ಮೀನಂಗಡಿಗಳ ಕಬ್ಬಿಣದ ಬಾಗಿಲುಗಳು ಅರ್ಧಕ್ಕೆ ಎದ್ದು ನಿಂತಿವೆ. ನೀರು, ಗಾಳಿ, ಮೀನು ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಲಾರಿಯವರು ಫುಟ್‌ಪಾತಿನ ಮೇಲೆ ಇಳಿಸಿ ಹೋಗಿದ್ದಾರೆ. ಅವುಗಳ ನಡುವೆ ಗಿಡ್ಡ ಸ್ಟೂಲು ಹಾಕಿಕೊಂಡು ಕುಳಿತ ಪಾಂಗ್ ಯುಕ್-ಲಾನ್ ಒಂದೊಂದೇ ಚೀಲವನ್ನು ಬೀದಿದೀಪಕ್ಕೆ ಹಿಡಿದು ನೋಡುತ್ತಾರೆ. ರೆಕ್ಕೆ ಬಿಚ್ಚಿಕೊಂಡಿರುವವು ಬಲಕ್ಕೆ, ಮುದುಡಿಕೊಂಡವು ಎಡಕ್ಕೆ.

“ಯಾಕಮ್ಮಾ ಮುಖ ಊದಿಸ್ಕೊಂಡಿದ್ದೀಯ? ಲಾರೀಲಿ ಕಿಟಕಿ ಪಕ್ಕ ಸೀಟು ಸಿಗ್ಲಿಲ್ವಾ?” ಎಂದು ಒಂದು ಚಿನ್ನದ ಮೀನನ್ನು ವಿಚಾರಿಸಿ, ಎಡಕ್ಕೆ ಇಡುತ್ತಾರೆ.

ಬೀದಿಗೆಲ್ಲ ಇವರು ಲಾನ್ ಅಕ್ಕ. ವಯಸ್ಸು ಅರವತ್ತೊಂದು. ಇವರು ಕೆಲಸ ಮಾಡುವ ಸಾಕುಮೀನಿನ ಅಂಗಡಿಗೆ ಬರುವ ಗಿರಾಕಿಗಳು ಮಾತ್ರ ಇವರನ್ನು ಕಂಡೇ ಇಲ್ಲ. ಅವರಿಗೆ ಕಾಣುವುದು ಕೆಳಗಿನ ಬಣ್ಣದ ದೀಪ, ಹೊಳೆಯುವ ಗಾಜು. ಲಾನ್ ಅಕ್ಕನ ಲೋಕ ಇರುವುದು ಕಡಿದಾದ ಮೆಟ್ಟಿಲು ಹತ್ತಿದ ಮೇಲೆ, ಕಿಟಕಿಯಿಲ್ಲದ ಕ್ವಾರಂಟೈನ್ ಕೋಣೆಯಲ್ಲಿ. ಹೊಸದಾಗಿ ಬಂದ ಯಾವ ಮೀನೇ ಆಗಲಿ, ಹದಿನಾಲ್ಕು ದಿನ ಇಲ್ಲಿ ಇದ್ದು ಇವರಿಂದ ಸೈ ಎನಿಸಿಕೊಂಡೇ ಕೆಳಗಿಳಿಯಬೇಕು. “ಕೆಳಗೆ ಮದುವೆಮನೆ, ಮೇಲೆ ಆಸ್ಪತ್ರೆ. ನಾನು ಮದುವೆ ಊಟಕ್ಕೆ ಹೋಗೋದೇ ಇಲ್ಲ ನೋಡಿ” ಎಂದು ನಗುತ್ತಾರೆ.

ಮೂವತ್ತೆಂಟು ತೊಟ್ಟಿಗಳು, ಮೂವತ್ತೆಂಟು ಬಲೆಗಳು. ಒಂದು ತೊಟ್ಟಿಯ ಬಲೆ ಇನ್ನೊಂದಕ್ಕೆ ಇಳಿಯುವಂತಿಲ್ಲ. ದಿನಕ್ಕೆ ಅರವತ್ತು ಬಕೆಟ್ ನೀರು ಬದಲಾಗಬೇಕು. ಉಪ್ಪುನೀರಿಗೆ ಬೆರಳ ಸಂದುಗಳು ಬಿರಿದಿವೆ, ಮೊಣಕಾಲು ಮೆಟ್ಟಿಲಿಗೊಂದು ಸಲ ತಕರಾರು ತೆಗೆಯುತ್ತದೆ. ಆದರೂ ಕಣ್ಣು ಮಾತ್ರ ಹದ್ದಿನ ಕಣ್ಣು. ಅದು ಪಳಗಿದ್ದು ಕೈಗಡಿಯಾರದ ಕಾರ್ಖಾನೆಯಲ್ಲಿ. ಹದಿನಾರರಲ್ಲಿ ಸೇರಿದ್ದರು, ಕಾರ್ಖಾನೆ ಗಡಿಯಾಚೆ ಚೀನಾದ ಒಳನಾಡಿಗೆ ಎತ್ತಂಗಡಿಯಾದಾಗ ಇವರು ಈಚೆಯೇ ಉಳಿದರು. “ಸಣ್ಣ ಚಕ್ರ ಒಂದು ಕೂದಲೆಳೆ ನಡುಗಿದ್ರೂ ಗೊತ್ತಾಗ್ತಿತ್ತು. ಮೀನಿನ ರೆಕ್ಕೇನೂ ಅಷ್ಟೇ” ಎನ್ನುತ್ತಾರೆ.

ಬಲೆಗಳ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಏಕೆ ಎಂದು ಕೇಳಿದರೆ ನಗು ಸ್ವಲ್ಪ ಹಿಂದೆ ಸರಿಯುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವಸರದಲ್ಲಿ ಒಂದೇ ಬಲೆಯನ್ನು ಎಲ್ಲ ತೊಟ್ಟಿಗೂ ಇಳಿಸಿದ್ದರು. ಮೂರು ದಿನದಲ್ಲಿ ನೂರ ನಲವತ್ತು ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. “ಯಾರೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು” ಎಂದಷ್ಟೇ ಹೇಳಿ ಬಕೆಟ್ ಎತ್ತಿಕೊಳ್ಳುತ್ತಾರೆ.

ಕಳೆದ ತಿಂಗಳು ಈ ಕೋಣೆಗೆ ಬಂದ ಒಬ್ಬ ಅತಿಥಿಯ ಕತೆಯನ್ನು ಬೀದಿ ಇನ್ನೂ ಚಪ್ಪರಿಸುತ್ತಿದೆ. ಶಾಮ್ ಶುಯಿ ಪೋ ಬಡಾವಣೆಯಲ್ಲಿ ಚಹಾದ ಜೊತೆ ಕಡುಬು ಬಡಿಸುವ ಹಳೆಯ ಚಹಾ ಮಳಿಗೆಯೊಂದು ಪಕ್ಕದ ಗಲ್ಲಿಗೆ ಸ್ಥಳಾಂತರವಾಗುತ್ತಿತ್ತು. ಹೊಸ ಜಾಗ ಸಿದ್ಧವಾಗುವ ತನಕ ಅಲ್ಲಿನ ಮೀನು ಇಲ್ಲಿರಬೇಕಿತ್ತು. ಅಂಗೈಗಿಂತ ದೊಡ್ಡದು, ಕಪ್ಪು ಮೈಮೇಲೆ ಕಿತ್ತಳೆ ಬಣ್ಣದ ಗಡಿಗೆರೆ ಎಳೆದಂತಿರುವ ನಕ್ಷೆಮೀನು. ಹನ್ನೊಂದು ವರ್ಷ ಬಾಗಿಲ ಬಳಿ ಇದ್ದು, ಕೆಲಸವೇನೂ ಮಾಡದೆ ಎಲ್ಲರನ್ನೂ ದುರುಗುಟ್ಟಿ ನೋಡುತ್ತಿದ್ದುದರಿಂದ ಗಿರಾಕಿಗಳು ಅದಕ್ಕೆ ಇಟ್ಟ ಹೆಸರು ಮ್ಯಾನೇಜರ್.

ಬಂದ ಮ್ಯಾನೇಜರ್ ಎರಡು ದಿನ ತೊಟ್ಟಿಯ ತಳದಲ್ಲಿ ಒಂದು ಮಗ್ಗುಲಾಗಿ ಬಿದ್ದುಕೊಂಡ. ಲಾನ್ ಅಕ್ಕ ತಲೆ ಕೆಡಿಸಿಕೊಳ್ಳಲಿಲ್ಲ. ಈ ಜಾತಿಯವು ಮನೆ ಬದಲಾದರೆ ಮುನಿಸಿಕೊಳ್ಳುತ್ತವೆ. ಮೂರನೆಯ ದಿನ ಬೇರೆ ಆಟ ಶುರುವಾಯಿತು. ಇದ್ದಕ್ಕಿದ್ದಂತೆ ನೀರಿನ ಮೇಲಕ್ಕೆ ಬಂದು ಬಾಯಿ ಅಗಲಿಸಿ ಗಬಗಬ ಗಾಳಿ ಕುಡಿಯುವುದು, ಮತ್ತೆ ತಳಕ್ಕೆ ಜಾರುವುದು. ಮೀನಿನ ಆಹಾರದ ಗುಳಿಗೆ ಹಾಕಿದರೆ ಮೂಸಿಯೂ ನೋಡಲಿಲ್ಲ.

ಸುದ್ದಿ ಕೇಳಿ ಅಂಗಡಿಯ ಯಜಮಾನ ಮೋಕ್ ಕಾ-ಶಿಂಗ್ ಮೇಲಕ್ಕೆ ಓಡಿಬಂದರು. ಮೇಲೆ ಬಂದು ಬಾಯಿಬಿಡುವ ಮೀನೆಂದರೆ ಕಿವಿರು ಕೊಳೆಯುವ ರೋಗ ಎಂಬುದು ಈ ಬೀದಿಯ ಮೊದಲ ಪಾಠ. ಉಪ್ಪು ಹಾಕಿಸಿದರು, ಗಾಳಿಯ ಕೊಳವೆ ಇನ್ನೊಂದು ಇಳಿಸಿದರು. ಏನೂ ಬದಲಾಗಲಿಲ್ಲ. ಆರನೆಯ ದಿನ ಬೆಳಿಗ್ಗೆ ಲವಂಗದೆಣ್ಣೆಯ ಸೀಸೆ ಹಿಡಿದು ಮೆಟ್ಟಿಲು ಹತ್ತಿದರು. ಅದರ ಕೆಲವು ಹನಿ ನೀರಿಗೆ ಬಿದ್ದರೆ ಮೀನು ನಿದ್ದೆ ಹೋಗುತ್ತದೆ, ಮತ್ತೆ ಏಳುವುದಿಲ್ಲ.

“ಒಬ್ಬನಿಗೋಸ್ಕರ ಮೂವತ್ತೇಳು ತೊಟ್ಟಿ ಕಳ್ಕೊಳ್ಳೋಕಾಗುತ್ತಾ, ಲಾನ್ ಅಕ್ಕ? ಆ ಮೊದಲನೇ ವರ್ಷ ಮರೆತುಬಿಟ್ರಾ?”

“ಮರೆತಿಲ್ಲ ಸಾಹುಕಾರ್ರೇ. ಅದಕ್ಕೇ ನೋಡ್ತಾ ಇದ್ದೀನಿ. ಗಾಳಿ ಗುಳ್ಳೆ ಆ ಕಡೆ ಏಳ್ತಿದೆ, ಇವನು ಈ ಮೂಲೇಲಿ ಬಾಯಿ ಬಿಡ್ತಾನೆ. ಉಸಿರು ಕಟ್ಟಿದೋನು ಕಿಟಕಿಗೆ ಬೆನ್ನು ಹಾಕಿ ಕೂರ್ತಾನಾ?”

“ಸಂಜೆ ನಾಲ್ಕು ಗಂಟೆವರೆಗೆ ನೋಡ್ತೀನಿ. ಅಷ್ಟರೊಳಗೆ ಏನಾದ್ರೂ ತಿಂದ್ರೆ ಸರಿ. ಆಮೇಲೆ ನನ್ನ ಮಾತು.”

ಲಾನ್ ಅಕ್ಕ ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡರು. ಕಿವಿರು ಕೊಳೆತಿರಲಿಲ್ಲ, ದಾಸವಾಳದಷ್ಟು ಕೆಂಪಗಿತ್ತು. ಮೈಮೇಲೆ ಲೋಳೆಯಿಲ್ಲ, ಚುಕ್ಕೆಯಿಲ್ಲ. ಮೀನು ಮೇಲೆ ಬಂದಾಗಲೆಲ್ಲ ಗಾಜಿನ ಮೇಲೆ ಮೇಣದ ಪೆನ್ಸಿಲಿನಲ್ಲಿ ಹೊತ್ತು ಬರೆದರು: ಎಂಟೂಕಾಲು, ಒಂಬತ್ತೂವರೆ, ಹನ್ನೊಂದೂ ಹತ್ತು. ನಡುವೆ ಒಂದೊಂದು ಗಂಟೆ ನೆಮ್ಮದಿಯಾಗಿ ಮಲಗಿರುತ್ತಿತ್ತು. ರೋಗಕ್ಕೆ ಇಷ್ಟೊಂದು ಬಿಡುವು ಎಲ್ಲಿಂದ ಬರಬೇಕು?

ಹನ್ನೆರಡೂವರೆಗೆ ತಲೆ ಸಿಡಿಯತೊಡಗಿ, ಚಹಾ ಬಗ್ಗಿಸಿಕೊಳ್ಳಲು ಮಣ್ಣಿನ ಪುಟ್ಟ ಕೆಟಲಿನ ಮುಚ್ಚಳ ತೆಗೆದು ಓರೆಯಾಗಿ ಇಟ್ಟರು. ಟಣ್. ಮ್ಯಾನೇಜರ್ ಬಾಣದಂತೆ ಮೇಲಕ್ಕೆ ಬಂದ.

ಲಾನ್ ಅಕ್ಕ ಗಾಜಿನ ಮೇಲಿನ ಬರಹ ನೋಡಿದರು. ಎಂಟೂಕಾಲಕ್ಕೆ ಚಹಾ, ಒಂಬತ್ತೂವರೆಗೆ ಚಹಾ, ಹನ್ನೊಂದೂ ಹತ್ತಕ್ಕೂ ಚಹಾ. ಚಹಾ ಮಳಿಗೆಯಲ್ಲಿ ಬಿಸಿನೀರು ಬೇಕೆಂದು ಯಾರು ಬಾಯಿಬಿಟ್ಟು ಕೇಳುತ್ತಾರೆ? ಖಾಲಿಯಾದ ಕೆಟಲಿನ ಮುಚ್ಚಳ ಓರೆ ಮಾಡಿಟ್ಟರೆ ಮಾಣಿ ತಾನಾಗಿ ಬರುತ್ತಾನೆ.

ಮೋಕ್‌ರನ್ನು ಕರೆದು ತೊಟ್ಟಿಯ ಮುಂದೆ ನಿಲ್ಲಿಸಿ, ತಾವು ಬಾಗಿಲ ಹಿಂದೆ ಅಡಗಿ ಮೂರು ಸಲ ಮುಚ್ಚಳ ಕುಟ್ಟಿದರು. ಮೂರು ಸಲವೂ ಮೀನು ಮೇಲೆ ಬಂತು. ಮೋಕ್ ಹುಬ್ಬೇರಿಸಿದರೂ ಸೀಸೆ ಕೆಳಗಿಡಲಿಲ್ಲ. “ಊಟ ಬಂತು ಅಂತ ಬರ್ತಾನೆ ಅಂದ್ರೆ ಗುಳಿಗೆ ತಿನ್ಬೇಕಿತ್ತಲ್ಲ?”

ಮ್ಯಾನೇಜರ್ ಅಲ್ಲಿ ಏನು ತಿನ್ನುತ್ತಿದ್ದನೆಂದು ಕೇಳಲು ಲಾನ್ ಅಕ್ಕ ಚಹಾ ಮಳಿಗೆಯ ಹಿರಿಯ ಮಾಣಿ ಕಿಯೂ ಅವರಿಗೆ ಫೋನು ಮಾಡಿದರು. ಎಪ್ಪತ್ತರ ಕಿಯೂ ಮೂರೂಕಾಲಕ್ಕೆ ಏದುಸಿರು ಬಿಡುತ್ತ ಬಂದರು: ಇಸ್ತ್ರಿ ಮಾಡಿದ ಬಿಳಿ ಅಂಗಿ, ಒಂದು ಕೈಯಲ್ಲಿ ನೀರಿನ ದೊಡ್ಡ ಕೆಟಲು, ಇನ್ನೊಂದರಲ್ಲಿ ಸೀಗಡಿ ಕಡುಬಿನ ಡಬ್ಬಿ.

“ಗುಳಿಗೆ ಹಾಕಿದ್ರಾ? ಮ್ಯಾನೇಜರ್‌ಗೆ? ಥೂ, ನಿಮ್ಮ ಯಜಮಾನರು ತಿಂತಾರಾ ಅದನ್ನ?”

“ತಿಂದ್ರೂ ತಿಂದಾರು ಕಿಯೂ ಅಣ್ಣ, ಪುಕ್ಕಟೆ ಸಿಕ್ಕಿದ್ರೆ. ಮೊದಲು ಇವನಿಗೆ ಬಡಿಸಿ” ಎಂದು ಲಾನ್ ಅಕ್ಕ ಮುಚ್ಚಳ ಕುಟ್ಟಿದರು.

ಮ್ಯಾನೇಜರ್ ಮೇಲೆ ಬಂದ. ಕಿಯೂ ಕಡುಬಿನ ತೆಳು ಹಿಟ್ಟನ್ನು ಸುಲಿದು ತಮ್ಮ ಬಾಯಿಗೆ ಹಾಕಿಕೊಂಡರು, ಒಳಗಿನ ಸೀಗಡಿಯನ್ನು ನೀರಿಗೆ ಬಿಟ್ಟರು. ಗುಳುಂ! ಎರಡನೆಯದು, ಮೂರನೆಯದು. “ಹನ್ನೊಂದು ವರ್ಷದಿಂದ ಇದೇ ಒಪ್ಪಂದ ಕಣಮ್ಮ. ಬಿಸಿನೀರು ಹಾಕೋಕೆ ಹೋಗ್ತಾ ದಾರೀಲಿ ಇವನಿಗೊಂದು. ಹಿಟ್ಟು ನನಗೆ, ಸೀಗಡಿ ಇವನಿಗೆ” ಎನ್ನುವಾಗ ಕಿಯೂ ಅವರ ಕಣ್ಣು ತುಂಬಿತ್ತು, ಬಾಯಿಯೂ ತುಂಬಿತ್ತು.

ಮೋಕ್ ಸೀಸೆಯನ್ನು ಜೇಬಿಗೆ ಇಳಿಸಿದರು. “ಇರ್ಲಿ ಬಿಡಿ, ನನಗೇ ಹಲ್ಲುನೋವು.”

ಮುಂದಿನ ದಿನಗಳಲ್ಲಿ ಲಾನ್ ಅಕ್ಕ ಸೀಗಡಿಯ ಜೊತೆ ಒಂದೊಂದೇ ಗುಳಿಗೆ ಸೇರಿಸಿ ಮ್ಯಾನೇಜರ್‌ನ ನಾಲಿಗೆ ಪಳಗಿಸಿದರು. ಹದಿನಾಲ್ಕು ದಿನ ತುಂಬಿಸಿ, ಮತ್ತೊಂದು ವಾರ ಕೆಳಗಿನ ಮದುವೆಮನೆಯಲ್ಲೂ ಮೆರೆದು, ಅವನು ಹೊಸ ಮಳಿಗೆಯ ಬಾಗಿಲಿಗೆ ಹೋಗಿ ಮತ್ತೆ ಎಲ್ಲರನ್ನೂ ದುರುಗುಟ್ಟಿ ನೋಡತೊಡಗಿದ್ದಾನೆ. ಪಕ್ಕದ ಅಂಗಡಿಗಳವರೂ ಈಗ ಯಾವ ಮೀನು ವಿಚಿತ್ರವಾಗಿ ಆಡಿದರೂ ಔಷಧಿಗೆ ಮೊದಲು ಲಾನ್ ಅಕ್ಕನನ್ನು ಕರೆಯುತ್ತಾರೆ. ಆ ಬಗ್ಗೆ ಕೇಳಿದರೆ ಅವರು ಕೈಯಾಡಿಸಿ ಬಿಡುತ್ತಾರೆ.

“ನಾನೇನು ಕಂಡುಹಿಡಿದೆ ಅಂತೀರ? ಪಾಪ, ಕರೆದಾಗಲೆಲ್ಲ ಬಂದ ಅವನು. ಕರೆದು ಕರೆದು ಬರಿಗೈಲಿ ಕೂತಿದ್ದೋಳು ನಾನು.”

ಕ್ವಾರಂಟೈನ್ ಕೋಣೆಯಲ್ಲಿ ಆ ಮಣ್ಣಿನ ಕೆಟಲು ಈಗಿಲ್ಲ. ಲಾನ್ ಅಕ್ಕ ಮುಚ್ಚಳವಿಲ್ಲದ ಗಾಜಿನ ಲೋಟದಲ್ಲಿ ಚಹಾ ಕುಡಿಯುತ್ತಾರೆ. ಭಾನುವಾರ ಮಾತ್ರ ಕಿಯೂ ಅವರ ಮಳಿಗೆಗೆ ಹೋಗಿ, ಮ್ಯಾನೇಜರ್‌ನ ಪಕ್ಕದ ಮೇಜನ್ನೇ ಹಿಡಿಯುತ್ತಾರೆ. ಚಹಾ ಬಂದರೂ ಕೆಟಲು ಮುಟ್ಟುವುದಿಲ್ಲ, ಕಡುಬು ಬರಲೆಂದು ಕಾಯುತ್ತಾರೆ. ಒಂದು ಸೀಗಡಿಯನ್ನು ಸುಲಿದು ಬೆರಳಲ್ಲಿ ಹಿಡಿದುಕೊಂಡ ಮೇಲೆಯೇ ಮುಚ್ಚಳಕ್ಕೆ ಕೈ ಹಾಕುವುದು.