ಕೊಳವೆ ಕೊಳಲಾದದ್ದು

ನೀರು ಸರಬರಾಜು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ಹುಡುಗಿಯನ್ನು ಎಲ್ಲರೂ ಚಟಾಕಿ ಎಂದೇ ಕರೆಯುತ್ತಿದ್ದರು. ಬಾಯಿ ಬಿಟ್ಟರೆ ನಗಿಸುವವಳು. ಪಕ್ಕದ ಮೇಜಿನ ಹಿರಿಯ ಗುಮಾಸ್ತರು ಕಚೇರಿಗೆಲ್ಲ ದೊಡ್ಡಪ್ಪ. ಕೀಲಿಗಳನ್ನೇ ನೋಡುತ್ತ ಎರಡೇ ಬೆರಳಲ್ಲಿ ಕುಟ್ಟಿದರೂ ಅವರ ಪತ್ರದಲ್ಲಿ ಒಂದು ಕೊಂಬು ತಪ್ಪಿದ್ದನ್ನು ಯಾರೂ ಕಂಡವರಿಲ್ಲ. ಅದಕ್ಕೇ ಅವಳಿಗೆ ಕೈ ತುರಿಸಿತು.

ಒಂದು ಮಧ್ಯಾಹ್ನ ಅವರು ಊಟಕ್ಕೆ ಎದ್ದಾಗ, ಅವರ ಕಂಪ್ಯೂಟರಿನಲ್ಲಿ ತಪ್ಪುಗಳನ್ನು ತಾನಾಗಿಯೇ ತಿದ್ದುವ ಆಟೋಕರೆಕ್ಟ್ ಪಟ್ಟಿ ತೆರೆದು, 'ಕೊಳವೆ' ಎಂದು ಹೊಡೆದರೆ 'ಕೊಳಲು' ಆಗುವಂತೆ ಸೇರಿಸಿಟ್ಟಳು. ಸಂಜೆಯೊಳಗೆ ನಕ್ಕು ತೆಗೆದುಬಿಡುವ ಲೆಕ್ಕಾಚಾರ. ಅಷ್ಟರಲ್ಲಿ ಅಕ್ಕನಿಗೆ ಹೆರಿಗೆ ನೋವೆಂದು ಫೋನ್ ಬಂತು. ಬ್ಯಾಗು ಹೆಗಲಿಗೇರಿಸಿ ಓಡಿದವಳಿಗೆ ಕೊಳವೆಯೂ ನೆನಪಾಗಲಿಲ್ಲ, ಕೊಳಲೂ ನೆನಪಾಗಲಿಲ್ಲ.

ರಜೆ ಮುಗಿಸಿ ಬಂದಾಗ ದೊಡ್ಡಪ್ಪನ ಮೂಗಿನ ಮೇಲೆ ಹೊಸ ಕನ್ನಡಕ.

"ಏನ್ ದೊಡ್ಡಪ್ಪ, ಮದುಮಗನ ಹಾಗೆ ಕಾಣ್ತಿದ್ದೀರಿ!"

ಅವರು ನಗಲಿಲ್ಲ. "ಡಾಕ್ಟರು ಕಣ್ಣು ಚೆನ್ನಾಗಿದೆ ಅಂದ್ರು ತಾಯಿ, ನಾನೇ ಹಟ ಹಿಡಿದು ಹಾಕಿಸ್ಕೊಂಡೆ. ಆದ್ರೂ 'ನಿಮ್ಮ ಬೀದಿಯ ಕೊಳಲು ಒಡೆದಿದೆ' ಅಂತಾನೇ ಬರೀತೀನಿ. ಜನ ಫೋನ್ ಮಾಡಿ ನಕ್ಕರು." ದನಿ ತಗ್ಗಿಸಿದರು. "ನಮ್ಮಪ್ಪನಿಗೂ ಹೀಗೇ ಮಾತು ಅದಲುಬದಲಾಗಿ ಶುರುವಾಗಿದ್ದು. ಕೊನೆಗೆ ನನ್ನ ಗುರುತೇ ಹತ್ತಲಿಲ್ಲ. ಕೆಲಸ ಬಿಡ್ತೀನಿ ಅಂತ ಸಾಹೇಬ್ರಿಗೆ ಹೇಳಿದ್ದೀನಿ."

ಅವಳ ಮುಖ ಕಪ್ಪಿಟ್ಟಿತು. ಅವರು ನೀರು ಕುಡಿಯಲು ಎದ್ದು ಹೋದರು. ಈಗಲೇ ಅಳಿಸಿಬಿಟ್ಟರೆ ಯಾರಿಗೂ ತಿಳಿಯದು. ಕೈ ಮೌಸಿನವರೆಗೂ ಹೋಯಿತು. ಆದರೆ ಅಪ್ಪನ ಕಾಯಿಲೆಯನ್ನು ಈ ಮನುಷ್ಯ ಇನ್ನು ಜೀವಮಾನವಿಡೀ ತನ್ನೊಳಗೆ ಹುಡುಕುತ್ತಾ ಕೂರುತ್ತಾರಲ್ಲ ಎಂದು ಅಳಿಸದೆ ಬಿಟ್ಟಳು. ಅವರು ಮರಳಿದಾಗ ಆ ಪಟ್ಟಿಯನ್ನು ತೆರೆದು ತೋರಿಸಿದಳು.

"ನಾನೇ ದೊಡ್ಡಪ್ಪ. ತಮಾಷೆಗೆ ಮಾಡಿದ್ದು. ತೆಗೆಯೋದು ಮರೆತೇಬಿಟ್ಟೆ."

ಅವರು ಆ ಸಾಲನ್ನು ಮತ್ತೆ ಮತ್ತೆ ಓದಿದರು. "ಹಾಗಾದ್ರೆ... ನನ್ನ ತಲೆ ಸರಿಯಾಗೇ ಇದೆಯಾ?"

ಅವಳು ಹೌದೆಂದು ತಲೆಯಾಡಿಸಿದಳು. ಅವರು ತಕ್ಷಣ ಹೆಂಡತಿಗೆ ಫೋನ್ ಹಚ್ಚಿದರು. "ಲೇ, ನನಗೇನೂ ಆಗಿಲ್ಲ ಕಣೇ. ಮಷೀನಿಂದೇ ಏನೋ ತೊಂದರೆ ಇತ್ತಂತೆ. ಅಳಬೇಡ, ಸುಮ್ನಿರು."

ತನ್ನ ಹೆಸರೆತ್ತಲಿಲ್ಲವಲ್ಲ! ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ನೆಟ್ಟಗೆ ಸಾಹೇಬರ ಕೋಣೆಗೆ ಹೋಗಿ ಎಲ್ಲ ಹೇಳಿ, ಬಾಗಿಲಾಚೆಗೂ ಕೇಳುವಂತೆ ಬೈಸಿಕೊಂಡು ಬಂದಳು. ದೊಡ್ಡಪ್ಪ ಕೆಲಸದಲ್ಲೇ ಉಳಿದರು. ಮೊದಲಿನಂತೆಯೇ "ಬಂದ್ಯಾ ತಾಯಿ" ಎಂದು ಮಾತಾಡಿಸುತ್ತಿದ್ದರು. ಅವಳಿಗೇ ಎಷ್ಟೋ ದಿನ ತಲೆಯೆತ್ತಿ ಉತ್ತರ ಕೊಡಲಾಗಲಿಲ್ಲ.