ಹನ್ನೊಂದು ದಿನದ ಗ್ಲಾಸು

ಆಲಂಕಾರು ಪೇಟೆಯೆಂದರೆ ಆಗ ಎಂಟೊಂಬತ್ತು ಅಂಗಡಿಗಳ ಒಂದು ಸಾಲು. ಅದರ ಕೊನೆಯಲ್ಲಿ ಬಸ್ತ್ಯಾಂವ್ ಮೊಂತೆರೊ ಅವರ ಕಾಫಿ ಹೋಟೆಲಿತ್ತು. ನಮ್ಮ ಕಡೆ ಕ್ರೈಸ್ತರನ್ನು ಪೊರ್ಬುಗಳು ಎನ್ನುವುದು ವಾಡಿಕೆ. ಊರವರ ಬಾಯಲ್ಲಿ ಅವರು ಬಸ್ತಿ ಪೊರ್ಬುಗಳು. ಹಾಲಿಗೆ ನೀರು ಬೆರೆಸದ ಮನುಷ್ಯ. ಯಾರೋ ಮರೆತುಹೋದ ಕೊಡೆಯನ್ನು ಮೂರು ತಿಂಗಳು ಜೋಪಾನ ಮಾಡಿ ಹಿಂದೆ ಕೊಟ್ಟವರು. ಸಂಜೆ ಹೆಂಡತಿ ಸೆವ್ರಿನ್ ಮತ್ತು ತಾಯಿ ನತಾಲ್ ಬಾಯಮ್ಮನ ಜೊತೆ ಮೊಣಕಾಲೂರಿ ಜಪಸರ ಹೇಳದೆ ಒಂದು ದಿನವೂ ಉಂಡವರಲ್ಲ.

ಹೋಟೆಲಿನ ಹಿಂದಿನ ಬೇಲಿಗೆ ಆರು ತೆಂಗಿನ ಗೆರಟೆಗಳನ್ನು, ಅಂದರೆ ಕಾಯಿಯ ಚಿಪ್ಪುಗಳನ್ನು, ಸಿಕ್ಕಿಸಿಟ್ಟಿದ್ದರು. ಊರು ಮುಟ್ಟಿಸಿಕೊಳ್ಳದ ಜಾತಿಯವರು ಹಿಂದಿನಿಂದ ಬಂದು, ಒಂದು ಗೆರಟೆ ತೆಗೆದು ಹಿಡಿಯಬೇಕು. ಪೊರ್ಬುಗಳು ತಾಗದ ಹಾಗೆ ಮೇಲಿನಿಂದ ಕಾಫಿ ಹೊಯ್ಯುವರು. ಕುಡಿದವರು ತೊಳೆದು ಮತ್ತೆ ಅಲ್ಲೇ ಸಿಕ್ಕಿಸಬೇಕು. ಹೀಗೆ ಮಾಡುವುದು ಅಪರಾಧವೆಂದು ಕಾನೂನು ಬಂದು ಎರಡು ವರ್ಷವಾಗಿತ್ತು. ಪೇಟೆಯಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪೊರ್ಬುಗಳೂ ಹಿಡಿದಿರಲಿಲ್ಲ.

೧೯೫೭ರಲ್ಲಿ ಫ್ಲೂ ಜ್ವರ ಬಂತು. ಮನೆ ಮನೆಯಲ್ಲೂ ಜನ ಹಾಸಿಗೆ ಹಿಡಿದರು. ನತಾಲ್ ಬಾಯಮ್ಮ ಐದನೆಯ ದಿನ ತೀರಿಕೊಂಡರು. ಮಣ್ಣು ಮಾಡಬೇಕಾದ ಇಗರ್ಜಿ ಆರು ಮೈಲಿ ದೂರ, ನಡುವೆ ತೋಡು ದಾಟಬೇಕು. ನೆಂಟರಲ್ಲಿ ಎದ್ದು ನಿಲ್ಲುವವರೇ ಇರಲಿಲ್ಲ. ಪೊರ್ಬುಗಳಿಗೂ ಮೈ ಸುಡುತ್ತಿತ್ತು. ಹೊತ್ತು ಏರಿದರೂ ನಾಲ್ಕು ಹೆಗಲು ಸಿಗಲಿಲ್ಲ.

ಅಷ್ಟರಲ್ಲಿ ಚನಿಯಪ್ಪ ಅಂಗಳದ ಬದಿಯಲ್ಲಿ ಬಂದು ನಿಂತ. ಗದ್ದೆ ಕೆಲಸದ ಆಳು, ದಿನಾ ಹಿಂದಿನಿಂದ ಬಂದು ಕಾಫಿ ಕುಡಿಯುವವ. ಜೊತೆಗೆ ಅವನ ಕಡೆಯ ಮೂವರಿದ್ದರು.

"ಪೊರ್ಬುಗಳೇ, ನಿಮ್ಮದರಲ್ಲಿ ನಾವು ಹೊತ್ತರೆ ತಪ್ಪುಂಟಾ?" ಎಂದು ಕೇಳಿದ.

"ಎಂತ ತಪ್ಪು ಚನಿಯ, ನೀನು ದೇವರು ಕಳಿಸಿದ ಹಾಗೆ ಬಂದೆ" ಎಂದು ಪೊರ್ಬುಗಳು ಅತ್ತುಬಿಟ್ಟರು.

ನಾಲ್ವರೂ ಪೆಟ್ಟಿಗೆ ಹೊತ್ತರು. ತೋಡಿನಲ್ಲಿ ಸೊಂಟದವರೆಗೆ ನೀರಿತ್ತು; ಅಲ್ಲಿ ಪೆಟ್ಟಿಗೆಯನ್ನು ತಲೆಯ ಮೇಲಕ್ಕೆತ್ತಿ ದಾಟಿಸಿದರು. ಪಾದ್ರಿಗಳು ಪ್ರಾರ್ಥನೆ ಹೇಳಿ ಮಣ್ಣು ಮಾಡಿಸಿದ ಮೇಲೆ ಅಷ್ಟೂ ದಾರಿ ನಡೆದು ಎಲ್ಲರೂ ಹಿಂದೆ ಬಂದರು.

ಸೆವ್ರಿನ್ ಕಾಫಿ ಮಾಡಿಟ್ಟಿದ್ದಳು. ಹೋಟೆಲಿನ ಬೆಂಚಿನ ಮೇಲೆ ದಿನದ ಗಿರಾಕಿ ಪದ್ಮಯ್ಯ ಗೌಡರೂ ಮತ್ತಿಬ್ಬರೂ ದುಃಖ ಕೇಳಲು ಬಂದು ಕೂತಿದ್ದರು. ಹೊತ್ತವರನ್ನು ಒಳಗೆ ಕರೆಯಬೇಕೆಂದು ಪೊರ್ಬುಗಳ ಮನಸ್ಸಿನಲ್ಲಿ ಬಂದದ್ದು ನಿಜ. ಆದರೆ ಬೆಂಚಿನ ಕಡೆ ನೋಡಿದರು, ಬಾಯಿ ಏಳಲಿಲ್ಲ. ಅವರು ಕರೆಯುವ ಮೊದಲೇ ಚನಿಯಪ್ಪ ಹಿಂದೆ ಹೋಗಿ, ತಾನೇ ಬೇಲಿಯಿಂದ ಗೆರಟೆ ತೆಗೆದು ಹಿಡಿದ. ಪೊರ್ಬುಗಳು ಹೊಯ್ದರು. ಎಂದಿನಂತೆಯೇ, ಒಂದು ಮೊಳ ಮೇಲಿನಿಂದ. ಆಗ ಅವನ ಹೆಗಲು ಕಣ್ಣಿಗೆ ಬಿತ್ತು. ಪೆಟ್ಟಿಗೆಯ ಅಂಚು ಒತ್ತಿ ಚರ್ಮ ಸುಲಿದಿತ್ತು.

ಆ ಶನಿವಾರ ಪೊರ್ಬುಗಳು ಪಾಪನಿವೇದನೆಗೆ ಹೋಗಿ ನಡೆದದ್ದನ್ನು ಹೇಳಿದರು. ಮುದಿ ಪಾದ್ರಿಗಳು, "ಅದು ಊರಿನ ಕಟ್ಟು, ನಿನ್ನೊಬ್ಬನ ಪಾಪ ಅಲ್ಲ. ಮೂರು ನಮೋ ಮರಿಯಾ ಹೇಳು" ಎಂದು ಕ್ಷಮೆ ಕೊಟ್ಟು ಕಳಿಸಿದರು. ಪೊರ್ಬುಗಳು ಆ ಮೂರು ಪ್ರಾರ್ಥನೆ ಹೇಳಿ ಮುಗಿಸಿದರು. ಅಷ್ಟು ಅಗ್ಗಕ್ಕೆ ಸಿಕ್ಕಿದ ಕ್ಷಮೆ ಅವರಿಗೆ ಇನ್ನಷ್ಟು ನಾಚಿಕೆ ತಂದಿತು.

ಸೋಮವಾರ ಬೆಳಿಗ್ಗೆ ಗೆರಟೆಗಳನ್ನೆಲ್ಲ ತೆಗೆದು ಅಟ್ಟಕ್ಕೆ ಹಾಕಿದರು. ಚನಿಯಪ್ಪ ಬಂದಾಗ, "ಮುಂದಿನಿಂದ ಬಾ, ಬೆಂಚಿನಲ್ಲಿ ಕೂತುಕೋ" ಎಂದು ಗ್ಲಾಸಿನಲ್ಲಿ ಕಾಫಿ ಕೊಟ್ಟರು. ಅವನು ಬೆಂಚಿನ ತುದಿಯಲ್ಲಿ ಕೂತು, ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಬೇಗ ಬೇಗ ಕುಡಿದ.

ಮೂರೇ ದಿನದಲ್ಲಿ ಬೆಂಚು ಖಾಲಿಯಾಯಿತು. ಪದ್ಮಯ್ಯ ಗೌಡರು ರಸ್ತೆಯಲ್ಲೇ ನಿಂತು ಹೇಳಿದರು: "ಎಂತ ಪೊರ್ಬುಗಳೇ ಇದು? ನಿಮ್ಮ ಧರ್ಮ ನಿಮ್ಮ ಮನೆಯೊಳಗೆ ಇರಲಿ ಮಾರಾಯ್ರೆ. ನಾವು ಎಲ್ಲಿಗೆ ಹೋಗುದು ಈಗ?"

ಹಾಲು ಕೆಟ್ಟುಹೋಗತೊಡಗಿತು. ಮಾರಾಟವಾಗದ ಬನ್ಸನ್ನು ಸೆವ್ರಿನ್ ಮೂರು ಹೊತ್ತೂ ಮನೆಯವರಿಗೇ ಬಡಿಸಿದಳು. ಹನ್ನೆರಡನೆಯ ದಿನ ಬೆಳಿಗ್ಗೆ ಚನಿಯಪ್ಪ ಬರುವುದನ್ನು ಕಂಡು ಪೊರ್ಬುಗಳು ಬಾಗಿಲಿಗೇ ಹೋಗಿ ನಿಂತರು.

"ಚನಿಯ, ಸ್ವಲ್ಪ ದಿನ ಹಿಂದಿನಿಂದಲೇ ಬಾ. ಜನ ಸರಿಯಾಗುವವರೆಗೆ ಮಾತ್ರ."

ಚನಿಯಪ್ಪನಿಗೆ ಸಿಟ್ಟು ಬರಲಿಲ್ಲ. "ಆಯ್ತು ಪೊರ್ಬುಗಳೇ" ಎಂದ. "ಒಂದು ವಾರ ಕೊಟ್ಟಾರು ಅಂತ ನಾನು ಹೆಂಡತಿಗೆ ಹೇಳಿದ್ದೆ. ನೀವು ಹನ್ನೊಂದು ದಿನ ಕೊಟ್ಟಿರಿ."

ಅವನು ಹಿಂದಿನಿಂದಲೂ ಬರಲಿಲ್ಲ. ಬೇರೆಯವರು ಬಂದರು, ಗೆರಟೆಗಳು ಅಟ್ಟದಿಂದ ಇಳಿದವು, ಬೆಂಚು ತುಂಬಿತು. ಪೊರ್ಬುಗಳು ಇಗರ್ಜಿಯ ಪೂಜೆಗೆ ಹೋದರೂ, ಪಾಪ ಹೊತ್ತವರು ಮುಟ್ಟಬಾರದ ಪರಮಪ್ರಸಾದಕ್ಕೆ ಏಳುವುದನ್ನು ಬಿಟ್ಟರು. ಸೆವ್ರಿನ್ ಕೇಳಿದರೆ ಹಲ್ಲು ನೋವು ಎನ್ನುತ್ತಿದ್ದರು.

ಮರುವರ್ಷ ಪವಿತ್ರ ಗುರುವಾರಕ್ಕೆ ಪಾದ್ರಿಗಳು ಹನ್ನೆರಡು ಜನರನ್ನು ಆರಿಸಿದರು. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಅಂದು ಗುರುಗಳು ಅವರ ಕಾಲು ತೊಳೆದು ಮುತ್ತಿಡುವ ಕ್ರಮ. ಮೊದಲ ಹೆಸರೇ ಬಸ್ತ್ಯಾಂವ್ ಮೊಂತೆರೊ. ಪೂಜೆಗೆ ಮೊದಲು ಅವರು ಗುರುಗಳ ಕೋಣೆಗೆ ಹೋಗಿ, "ನನ್ನ ಕಾಲು ಬೇಡ ಪಾದ್ರಿಗಳೇ" ಎಂದರು. ಕಾರಣ ಕೇಳಿದಾಗ ಹನ್ನೊಂದು ದಿನದ ಸಂಗತಿಯನ್ನೆಲ್ಲ ಹೇಳಿದರು. ಮುದಿ ಪಾದ್ರಿಗಳು, "ಅಂದು ನಾನು ನಿನಗೆ ಸರಿಯಾಗಿ ಹೇಳಲಿಲ್ಲ" ಎಂದಷ್ಟೇ ನುಡಿದರು.

ಮರುದಿನ ಪೊರ್ಬುಗಳು ಆರೂ ಗೆರಟೆಗಳನ್ನು ಒಲೆಗೆ ಹಾಕಿದರು. ಈ ಸಲ ಬೆಂಚು ಸುಮಾರು ಒಂದು ವರ್ಷ ಖಾಲಿಯೇ ಇತ್ತು. ಸೆವ್ರಿನ್ ಬೀಡಿ ಕಟ್ಟಿ ಮನೆ ನಡೆಸಿದಳು. ಆಮೇಲೆ ಬಸ್ಸಿನ ಓಡಾಟ ಹೆಚ್ಚಿತು. ಇಳಿದವರಿಗೆ ಕಾಫಿ ಸಿಕ್ಕಿದರೆ ಸಾಕಿತ್ತು, ಪಕ್ಕದಲ್ಲಿ ಯಾರೆಂದು ಕೇಳುವವರಿರಲಿಲ್ಲ. ಪದ್ಮಯ್ಯ ಗೌಡರೂ ಒಂದು ದಿನ ಏನೂ ನಡೆಯಲೇ ಇಲ್ಲವೆಂಬಂತೆ ಬಂದು ಕೂತರು.

ಗೆರಟೆ ಸುಟ್ಟ ವಾರವೇ ಪೊರ್ಬುಗಳು ಚನಿಯಪ್ಪನ ಗುಡಿಸಲಿಗೆ ಹೋಗಿದ್ದರು. "ಚನಿಯಪ್ಪ, ನನ್ನದು ತಪ್ಪಾಯಿತು" ಎಂದರು. ಪೂರ್ತಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಎಂತದಕ್ಕೆ ಪೊರ್ಬುಗಳೇ? ಈ ಊರಲ್ಲಿ ನೀವು ಉಳಿದವರಿಗಿಂತ ಒಳ್ಳೆಯವರೇ" ಎಂದು ಅವನು ಚಾಪೆ ಹಾಸಿದ. ಎಳನೀರು ಕೆತ್ತಿ ಕೊಟ್ಟ, ಗದ್ದೆಯ ಮಾತಾಡಿದ. ಆದರೆ ಹೋಟೆಲಿಗೆ ಮತ್ತೆಂದೂ ಕಾಲಿಡಲಿಲ್ಲ.

೧೯೬೪ರಲ್ಲಿ ನಾನು ಆ ಕಡೆಯ ಶಾಲೆಗೆ ಮಾಸ್ತರನಾಗಿ ಬಂದಾಗ, ಇಲ್ಲಿ ಎಲ್ಲ ಜಾತಿಗೂ ಮೊದಲು ಗ್ಲಾಸು ಕೊಟ್ಟವರು ಬಸ್ತಿ ಪೊರ್ಬುಗಳು ಎಂದು ಜನ ಹೇಳುತ್ತಿದ್ದರು. ನಾನೂ ಅವರೆದುರು ಹೊಗಳಿದೆ. ಅವರ ಮುಖ ಕಪ್ಪಿಟ್ಟಿತು.

"ಕೊಟ್ಟದ್ದನ್ನು ಎಲ್ಲರೂ ಹೇಳ್ತಾರೆ ಮಾಸ್ತರೇ" ಎಂದರು. "ಕೊಟ್ಟು ಕಿತ್ತುಕೊಂಡದ್ದನ್ನು ನಾನೇ ಹೇಳಬೇಕಷ್ಟೆ."

ಹಾಗೆಂದು, ಗಿರಾಕಿಗಳ ಎದುರಿನಲ್ಲೇ ಮೊದಲಿನಿಂದ ಹೇಳತೊಡಗಿದರು.