ನಮ್ಮ ಮನೆಯ ಹಾಲಿನ ಬಣ್ಣ

ನೆನೆಸಿದ ರಾಗಿಯನ್ನು ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ, ಆ ಹಾಲನ್ನು ಬೆಲ್ಲದ ಜೊತೆ ಸಣ್ಣ ಉರಿಯಲ್ಲಿಟ್ಟು ತಿರುವುತ್ತಿದ್ದರೆ ಒಂದು ವಾಸನೆ ಏಳುತ್ತದೆ. ಮೊದಲಿಗೆ ಒದ್ದೆ ಗೋಣಿಚೀಲದ ಹಾಗೆ ಹಸಿಹಸಿ. ಆಮೇಲೆ ಹಾಲು ದಪ್ಪವಾಗಿ ಸೌಟಿಗೆ ಅಂಟತೊಡಗಿದಾಗ, ಬಿಸಿಲಿಗೆ ಕಾದ ಹುಲ್ಲಿನ ಮೆದೆಯ ಪಕ್ಕದಲ್ಲಿ ಯಾರೋ ಬೆಲ್ಲ ಕರಗಿಸುತ್ತಿರುವ ಹಾಗೆ. ಈಗ ವಾರಕ್ಕೆರಡು ಬೆಳಿಗ್ಗೆ ಜರಗನಹಳ್ಳಿಯ ನನ್ನ ಅಡುಗೆಮನೆಯಲ್ಲಿ ಆ ವಾಸನೆ ಏಳುತ್ತದೆ. ಎದ್ದಾಗಲೆಲ್ಲ ಮೇಲಿನ ಮೂರು ಮಹಡಿ, ಕೆಳಗಿನ ಕಾರು, ಆಚೆ ಕನಕಪುರ ರಸ್ತೆಯ ಬಸ್ಸುಗಳ ಗದ್ದಲ ಎಲ್ಲವೂ ಸರಿದು, ಈ ಜಾಗದಲ್ಲಿ ಮೊದಲಿದ್ದ ಹೆಂಚಿನ ಮನೆ ಬಂದು ನಿಲ್ಲುತ್ತದೆ. ಅರವತ್ತು ವರ್ಷ ನಾನು ಆ ಮನೆಯ ಬಗ್ಗೆ ಒಂದು ಸುಳ್ಳು ಹೇಳಿಕೊಂಡು ಬಂದೆ. ಅದನ್ನು ಒಪ್ಪಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಉದ್ದನೆಯ ಮನೆ ಅದು. ಅರ್ಧ ನಮ್ಮದು, ಅರ್ಧ ದನಗಳದ್ದು, ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ನಿಮ್ಮಲ್ಲಿ ಯಾರಾದರೂ ದನ ಕಟ್ಟಿದ ಮನೆಯಲ್ಲಿ ಬೆಳೆದಿದ್ದರೆ ಗೊತ್ತಿರುತ್ತದೆ, ಅಂಥ ಮನೆಯಲ್ಲಿ ನಿದ್ದೆಗೂ ಒಂದು ಸದ್ದು ಇರುತ್ತದೆ: ಮೆಲುಕು ಹಾಕುವ ಸದ್ದು, ಆಗಾಗ ಒಂದು ದೊಡ್ಡ ಉಸಿರು, ಕೊರಳ ಹಗ್ಗ ಗೂಟಕ್ಕೆ ಉಜ್ಜುವ ಸದ್ದು. ಅಪ್ಪ ಹೊಲ, ತರಕಾರಿ ನೋಡಿಕೊಳ್ಳುತ್ತಿದ್ದರು. ದನಗಳು ಮತ್ತು ನಾವು ಮೂವರು ಮಕ್ಕಳು ಅವ್ವನ ಪಾಲು. ನಾಲ್ಕು ಹಸುಗಳಲ್ಲಿ ಕೆಂದಿ ಅನ್ನುವುದು ಅವ್ವನ ಮಾತಿಗೆ ಮಾತ್ರ ಹಾಲು ಇಳಿಸುತ್ತಿತ್ತು. ಬೇರೆ ಯಾರು ಕೂತರೂ ಬಿಂದಿಗೆ ಒದೆಯುತ್ತಿತ್ತು. ಆ ಹಾಲೆಲ್ಲ ಜಯನಗರಕ್ಕೆ. ಮಬ್ಬು ಹರಿಯುವ ಹೊತ್ತಿಗೆ ಅವ್ವ ದೊಡ್ಡ ಕ್ಯಾನನ್ನು ತಲೆಯ ಮೇಲಿಟ್ಟುಕೊಂಡು ಹೊರಟರೆ, ಚಿಕ್ಕದನ್ನು ಹಿಡಿದು ನಾನು ಹಿಂದೆ. ಸಾರಕ್ಕಿ ಕೆರೆಯ ಏರಿ ಹತ್ತಿ ಇಳಿದು, ಹೊಸದಾಗಿ ಎದ್ದ ಬಡಾವಣೆಯ ಗೇಟುಗಳ ಮುಂದೆ ನಿಂತು, “ಹಾಲಮ್ಮಾ” ಎಂದು ಕೂಗುತ್ತಿದ್ದೆವು. ಎಲ್ಲ ಮನೆಗೂ ಹಾಕಿ ಮುಗಿದ ಮೇಲೆ ಕ್ಯಾನಿನಲ್ಲಿ ಉಳಿಯುತ್ತಿದ್ದದ್ದು ಒಂದಿಷ್ಟು ನೊರೆ. ಅದಕ್ಕೆ ನೀರು ಹಾಕಿ ಅಲ್ಲಾಡಿಸಿದರೆ ಬಂದ ಬಿಳಿ ನೀರು ಕೆಂದಿಯ ಕಲಗಚ್ಚಿನ ಬಾನಿಗೆ ಹೋಗುತ್ತಿತ್ತು. ನಮಗಲ್ಲ.

ನಮಗೆ ರಾಗಿ ಹಾಲು. ಜಯನಗರದಿಂದ ಬಂದವಳೇ ಅವ್ವ ಒರಳ ಮುಂದೆ ಕೂರುತ್ತಿದ್ದಳು. ರುಬ್ಬಿದ್ದನ್ನು ಅಪ್ಪನ ಹಳೆಯ ಪಂಚೆಯ ತುಂಡಿಗೆ ಹಾಕಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ತಾನು ತಿರುಚುತ್ತಿದ್ದಳು. ಬಟ್ಟೆ ಬಿಗಿದಂತೆ ನನ್ನ ಕೈ ನಡುಗುತ್ತಿತ್ತು. ಬಿಟ್ಟರೆ ಎಲ್ಲ ನೆಲಕ್ಕೆ. ಬೂದಿಗೆಂಪು ಬಣ್ಣದ ಹಾಲು ಅವ್ವನ ಬೆರಳ ಸಂದಿಯಿಂದ ಇಳಿಯುವುದನ್ನು ನೋಡುತ್ತ ಒಂದು ಸಲ ಕೇಳಿದ್ದೆ, “ಅವ್ವ, ಇದೂ ಹಾಲೇನಾ?” ಅವಳು ತಲೆ ಎತ್ತದೆ, “ಮತ್ತಿನ್ನೇನ್ಲಾ? ಜಯನಗರದೋರ ಹಾಲು ಬೆಳ್ಳಗಿರ್ತದೆ, ನಮ್ಮನೆ ಹಾಲು ಈ ಬಣ್ಣ. ಗಟ್ಟಿಯಾಗ್ ಹಿಡ್ಕೊ” ಎಂದಳು. ಆ ಹಾಲು ಕಾಯಿಸಿದ ಗಂಜಿ, ಮಧ್ಯಾಹ್ನಕ್ಕೆ ಮುದ್ದೆ, ಸೊಪ್ಪಿನ ಬಸ್ಸಾರು, ಚಳಿಗಾಲಕ್ಕೆ ಅವರೆಕಾಳು, ಹುಚ್ಚೆಳ್ಳು ಚಟ್ನಿ, ಜೇಬಿನ ತುಂಬ ಹುರಿದ ಕಡಲೆಕಾಯಿ. ಹಬ್ಬಕ್ಕೆ ಬಾಡೂಟ ಇರುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ವರ್ಷದ ಉಳಿದ ದಿನವೆಲ್ಲ ನಾವು ಮೂವರೂ ಬೆಳೆದದ್ದು ಅವ್ವನ ಒರಳಿನಿಂದ ಬಂದದ್ದರಲ್ಲೇ.

ಒಂದೇ ಒಂದು ದಿನ ನಾನು ಹೊಟ್ಟೆ ತುಂಬ ಹಸುವಿನ ಹಾಲು ಕುಡಿದೆ. ಏಳೆಂಟು ವರ್ಷ ಇರಬೇಕು. ಅವ್ವ ಒಂದು ಮನೆಯ ಕಾಂಪೌಂಡಿನೊಳಗೆ ಹಾಲು ಅಳೆಯುತ್ತಿದ್ದಾಗ ನಾನು ಬೀದಿ ನಲ್ಲಿಯ ಹಿಂದೆ ಕೂತು ಚಿಕ್ಕ ಕ್ಯಾನನ್ನು ಬಾಯಿಗೆತ್ತಿದೆ. ಇಳಿದಷ್ಟಕ್ಕೆ ನಲ್ಲಿ ನೀರು ಬಿಟ್ಟೆ. ಮುಂದಿನ ಮನೆಯ ಅಮ್ಮ ಹಾಲನ್ನು ಬೆರಳಿಗೆ ಅದ್ದಿ ನೋಡಿ, “ಏನಮ್ಮ ಇದು, ಹಾಲೋ, ಅಕ್ಕಿ ತೊಳೆದ ನೀರೋ? ನಾಳೆಯಿಂದ ಬರಬೇಡ ನೀನು” ಎಂದರು. ಅವ್ವ ನನ್ನ ಕಡೆ ತಿರುಗಿ ನೋಡಿದಳು. ಮತ್ತೆ ಆ ಅಮ್ಮನ ಕಡೆ ತಿರುಗಿ, “ಹಸ ನೀರು ಜಾಸ್ತಿ ಕುಡ್ದದೆ ಕಣ್ರಮ್ಮ, ಇದೊಂದಿನ ಮಾಫಿ ಮಾಡಿ” ಎಂದಳು. ಹಿಂದಿರುಗುವಾಗ ಕೆರೆ ಏರಿಯ ಮೇಲೆ ನಿಂತು, ಸೆರಗಿನ ತುದಿಯಿಂದ ನನ್ನ ಮೇಲ್ದುಟಿಯನ್ನು ಒರೆಸಿದಳು. ಅಲ್ಲಿ ಹಾಲಿನ ಬಿಳಿ ಗೆರೆ ಒಣಗಿಕೊಂಡಿತ್ತು. ಹೊಡೆಯಲಿಲ್ಲ, ಖಾಲಿ ಕ್ಯಾನನ್ನು ತಲೆಗೇರಿಸಿಕೊಂಡು ಮುಂದೆ ನಡೆದಳು.

ಮುಂದೆ ಜಯನಗರದ ಹೈಸ್ಕೂಲು ಸೇರಿದೆ. ಕಬಡ್ಡಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವವರು ಇರಲಿಲ್ಲ. “ಹಾಲ್ನೋರ ಮಗ ಅಲ್ವಾ, ಚೊಂಬುಗಟ್ಟಲೆ ಕುಡ್ದು ಬೆಳೆದಿರ್ತಾನೆ” ಎಂದ ಒಬ್ಬ. ಹೌದು ಎಂದುಬಿಟ್ಟೆ. ಗಂಜಿ ಕುಡಿದು ಬೆಳೆದೆ ಅನ್ನಲು ನಾಚಿಕೆ. ಅವತ್ತು ಹುಟ್ಟಿದ ಸುಳ್ಳು ನನ್ನ ಜೊತೆಗೇ ದೊಡ್ಡದಾಯಿತು. ಮದುವೆಯಲ್ಲಿ ಹೆಂಡತಿಗೆ ಹೇಳಿದೆ, ಆಮೇಲೆ ಮಗಳಿಗೆ, ಬಾಡಿಗೆಯವರಿಗೆ, ಪಾರ್ಕಿನ ಬೆಂಚಿನಲ್ಲಿ ಕೂರುವ ಗೆಳೆಯರಿಗೆ: “ಕರೆದ ಹಾಲು ಕುಡಿದ ಮೂಳೆ ಇದು, ನೋಡಿ.” ನಲವತ್ತು ದಾಟುವಷ್ಟರಲ್ಲಿ ನಾನೇ ಅದನ್ನು ನಂಬಿದ್ದೆ. ಅವ್ವ ಬದುಕಿರುವವರೆಗೂ ನನ್ನ ಈ ಬಡಾಯಿಯನ್ನು ಬಾಗಿಲ ಪಕ್ಕ ಕೂತು ಕೇಳಿಸಿಕೊಂಡಳು. ಒಮ್ಮೆಯೂ ತಿದ್ದಲಿಲ್ಲ.

ಮಗಳು ಪವಿತ್ರ, ಅವಳ ಗಂಡ, ಇಬ್ಬರು ಮಕ್ಕಳು ನನ್ನ ಮೇಲಿನ ಮಹಡಿಯಲ್ಲೇ ಇದ್ದಾರೆ. ಇಂಚರಾಗೆ ಆರು ವರ್ಷ, ತಮ್ಮನಿಗೆ ಇನ್ನೂ ಎರಡು ತುಂಬಿಲ್ಲ. ಅವರ ಮನೆಯಲ್ಲಿ ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲು, ಮೊಸರು, ತುಪ್ಪ, ಜೇನು ಕೂಡ ಇಲ್ಲ. ವೀಗನ್ ಅನ್ನುತ್ತಾರೆ. ಮಕ್ಕಳನ್ನೂ ಹಾಗೇ ಬೆಳೆಸುತ್ತೇವೆ ಎಂದು ಮಗಳು ಹೇಳಿದ ದಿನ ನಾನು ತಟ್ಟೆ ತಳ್ಳಿ ಎದ್ದಿದ್ದೆ. “ಹಾಲಿಲ್ದೆ ಮಗು ಬೆಳೆಯುತ್ತಾ? ಹಾಲು ಮಾರಿದ ಮನೇಲಿ ಹುಟ್ಟಿ ಇದೇನು ಶೋಕಿ ನಿಂದು?” ಎಂದು ಕೂಗಾಡಿದ್ದೆ. ಜಯನಗರದ ಮಕ್ಕಳ ಡಾಕ್ಟರ ಹತ್ತಿರ ಅವರ ಜೊತೆ ಹೋಗಿ, “ನೀವಾದ್ರೂ ಬೈರಿ ಇವಳಿಗೆ” ಎಂದೂ ಕೇಳಿದೆ. ಆಯಮ್ಮ ಇಂಚರಾಳ ತೂಕ, ಎತ್ತರ ನೋಡಿ ನಕ್ಕರು. “ಬೈಯೋಕೆ ಏನೂ ಕಾಣ್ತಿಲ್ಲ ಅಂಕಲ್. ಕಾಳು, ಸೊಪ್ಪು, ಎಳ್ಳು ಎಲ್ಲ ಲೆಕ್ಕ ಇಟ್ಟು ಕೊಡ್ತಿದಾರೆ. ಬಿ ಟ್ವೆಲ್ವ್ ಡ್ರಾಪ್ಸ್ ಮಾತ್ರ ಒಂದಿನಾನೂ ತಪ್ಪಿಸಬಾರದು, ಆಗಾಗ ಕರ್ಕೊಂಡು ಬಂದು ತೋರಿಸ್ತಿರಬೇಕು.” ಪವಿತ್ರ ಆ ಹನಿಗಳನ್ನು ದೇವರಿಗೆ ದೀಪ ಹಚ್ಚುವಷ್ಟು ನಿಯಮವಾಗಿ ಹಾಕುತ್ತಿದ್ದಳು. ಅದನ್ನು ನೋಡಿಯೂ ನನ್ನ ಹಟ ಇಳಿಯಲಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಕೆಳಗೆ ನನ್ನ ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಶಾಲೆಯಿಂದ ಬಂದ ಇಂಚರಾ ಅಮ್ಮ ಬರುವ ತನಕ ನನ್ನ ಹತ್ತಿರ ಇರುತ್ತಾಳೆ. ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ನಾನು ಕೈತುತ್ತು ಕೊಟ್ಟರೆ ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿದ್ದಳು. ಕಣ್ಣು ಮುಚ್ಚಿ! ಆ ನಂಬಿಕೆಯನ್ನೇ ನಾನು ಬಳಸಿಕೊಂಡೆ. ಹೋದ ವರ್ಷ ನನ್ನ ಬಾಲ್ಯದ ಗೆಳೆಯ ಮುನಿಯಪ್ಪನ ಹಸು ಕರು ಹಾಕಿತು. ನಮ್ಮೂರಲ್ಲಿ ಇನ್ನೂ ದನ ಕಟ್ಟಿರುವವನು ಅವನೊಬ್ಬ. ಎರಡು ಬಾಡಿಗೆ ಮನೆಗಳ ನಡುವಿನ ಸಂದಿಯಲ್ಲಿ ಶೀಟು ಹಾಕಿ ಎರಡು ಹಸು ಸಾಕಿದ್ದಾನೆ. ನಾನೇ ಹೋಗಿ ಕೇಳಿ, ಕರು ಹಾಕಿದ ಹಸುವಿನ ಮೊದಲ ಹಾಲನ್ನು ಒಂದು ತಂಬಿಗೆ ತಂದೆ. ಬೆಲ್ಲ, ಏಲಕ್ಕಿ ಹಾಕಿ ಇಡ್ಲಿ ಪಾತ್ರೆಯಲ್ಲಿ ಬೇಯಿಸಿ ಗಿಣ್ಣು ಮಾಡಿದೆ. ಅಲುಗಿಸಿದರೆ ನಡುಗುವ ಹಾಗೆ, ಚೆನ್ನಾಗಿ ಬಂದಿತ್ತು. “ಏನ್ ತಾತ ಇದು?” ಎಂದಳು. “ತೆಂಗಿನಕಾಯಿ ಹಾಲಲ್ಲಿ ಮಾಡಿದ್ದು ಪುಟ್ಟಿ” ಎಂದೆ. ನಾಲಿಗೆ ತೊದಲಲಿಲ್ಲ. ಅವಳು ಕಣ್ಣು ಮುಚ್ಚಿ ಬಾಯಿ ತೆರೆದಳು. ಎರಡು ಬಟ್ಟಲು ತಿಂದಳು. ಈಗ ನೋಡೋಣ ಮೂಳೆ ಹೇಗೆ ಗಟ್ಟಿಯಾಗುವುದಿಲ್ಲ ಎಂದು ನಾನು ಗೆದ್ದವನ ಹಾಗೆ ಕೂತಿದ್ದೆ.

ನನ್ನನ್ನು ಹಿಡಿದುಕೊಟ್ಟದ್ದು ಅವ್ವ ಕಲಿಸಿದ ಒಂದು ಪದ್ಧತಿ. ಗಿಣ್ಣು ಹಾಲು ಕೊಟ್ಟವರಿಗೆ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು. ಒಳಗೆ ಒಂದು ಉಂಡೆ ಬೆಲ್ಲ ಹಾಕಿಯೇ ಕೊಡಬೇಕು, ಆ ಬೆಲ್ಲ ಹಸುವಿನ ಬಾಯಿಗೆ ಹೋಗಬೇಕು. ಅಷ್ಟೆಲ್ಲ ಸುಳ್ಳು ಹೇಳಿದವನಿಗೆ ಈ ಒಂದು ನಿಯಮ ಮುರಿಯಲು ಧೈರ್ಯ ಬರಲಿಲ್ಲ. ಮಾರನೆಯ ದಿನ ತಂಬಿಗೆಗೆ ಬೆಲ್ಲ ಹಾಕಿಕೊಂಡು ಹೊರಟೆ. ಹಸು ನೋಡುವ ಆಸೆಗೆ ಇಂಚರಾ ಕೈ ಹಿಡಿದು ಬಂದಳು. ಬೇಡ ಅನ್ನಬೇಕು ಎಂದು ತೋಚಲೂ ಇಲ್ಲ. ಮುನಿಯಪ್ಪ ಬೆಲ್ಲವನ್ನು ಅವಳ ಅಂಗೈಗೆ ಇಟ್ಟು, “ನೀನೇ ತಿನ್ಸವ್ವ. ಗಿಣ್ಣು ಹೆಂಗಿತ್ತು? ನಿಮ್ ತಾತ ನಿಂಗೇಂತ್ಲೇ ಇಸ್ಕೊಂಡೋದ” ಎಂದ. ಅವಳಿಗೆ ಅರ್ಥವಾಗಲಿಲ್ಲ. ಅವನೇ ವಿವರಿಸಿದ, ಪ್ರೀತಿಯಿಂದ, ಶೀಟಿನ ಇನ್ನೊಂದು ತುದಿಯಲ್ಲಿ ಮೋಟು ಹಗ್ಗಕ್ಕೆ ಕಟ್ಟಿದ್ದ ಕರುವನ್ನು ತೋರಿಸುತ್ತ. ಕರು ತಾಯಿಯ ಕಡೆ ಕತ್ತು ಚಾಚಿ ನಿಂತಿತ್ತು. ಇಂಚರಾ ಅದನ್ನು ನೋಡಿದಳು. ತಂಬಿಗೆಯನ್ನು ನೋಡಿದಳು. ಆಮೇಲೆ ನನ್ನನ್ನು. “ತಾತ, ತೆಂಗಿನಕಾಯಿ ಅಂದ್ಯಲ್ಲಾ?”

ಅವಳು ಹಸುವಿಗೆ ಬೆಲ್ಲ ತಿನ್ನಿಸಿ, ಕೈ ತೊಳೆದುಕೊಂಡು, ನನ್ನ ಮುಂದೆ ಮುಂದೆ ನಡೆದಳು. ಕೈ ಹಿಡಿಯಲಿಲ್ಲ. ಸಂಜೆ ಮುದ್ದೆಯ ತುತ್ತು ಎತ್ತಿದೆ. ಕಣ್ಣು ಅಗಲವಾಗಿ ತೆರೆದುಕೊಂಡೇ ನನ್ನ ಬೆರಳುಗಳನ್ನು ಮೂಸಿ, “ಇದ್ರಲ್ಲಿ ಏನೇನಿದೆ? ಅಮ್ಮ ಬರ್ಲಿ, ಕೇಳ್ಕೊಂಡು ತಿಂತೀನಿ” ಎಂದಳು. ತುತ್ತು ನನ್ನ ಕೈಯಲ್ಲೇ ತಣ್ಣಗಾಯಿತು. ಆ ಕ್ಷಣಕ್ಕೆ ಕೆರೆ ಏರಿಯ ಮೇಲೆ ಅವ್ವನ ಸೆರಗು ನನ್ನ ತುಟಿಯನ್ನು ಮತ್ತೆ ಒರೆಸಿದಂತಾಯಿತು.

ಪವಿತ್ರ ಬಂದ ಕೂಡಲೇ, ಮಗು ಹೇಳುವ ಮೊದಲೇ, ನಾನೇ ಹೇಳಿದೆ. ಗಿಣ್ಣಿನದು ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. ಕ್ಯಾನು, ಕಲಗಚ್ಚು, ಪಂಚೆಯ ತುಂಡು, ಕಬಡ್ಡಿ, ಎಲ್ಲ ಬಂತು. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದ ಅವಳ ಮುಖ ಮೊದಲು ಕೆಂಪಾಯಿತು. “ನಿನ್ನ ಹತ್ರ ಮಗು ಬಿಟ್ಟು ಹೋಗೋದು ಹೇಗಪ್ಪಾ ಇನ್ಮೇಲೆ? ನಾಳೆ ಇನ್ನೇನು ತಿನ್ನಿಸ್ತೀಯೋ ಅಂತ ಆಫೀಸಲ್ಲಿ ಕೂತು ಹೆದರ್ತಾ ಇರ್ಲಾ?” ಎಂದಳು. ಆಮೇಲೆ ದನಿ ಇಳಿಸಿ, “ಅಂದ್ರೆ ನೀನು ಹಾಲೇ ಕುಡಿದಿಲ್ವಾ? ಇಷ್ಟು ವರ್ಷ ನನ್ನ ತಲೆ ತಿಂದೆಯಲ್ಲ!” ಎಂದಳು. ಅವ್ವನೂ ನೀನು ಮಾಡಿದ್ದನ್ನೇ ಮಾಡಿದ್ದಳು ನೋಡು ಎಂದೆ. ಅವಳು ಒಪ್ಪಲಿಲ್ಲ. “ಇಲ್ಲಪ್ಪ. ಅಜ್ಜಿಗೆ ಬೇರೆ ದಾರಿ ಇರ್ಲಿಲ್ಲ. ನಾವು ಬೇಕು ಅಂತ ಮಾಡ್ತಿರೋದು. ಅವರಿಗೆ ಡಾಕ್ಟ್ರೂ ಇರ್ಲಿಲ್ಲ, ಡ್ರಾಪ್ಸೂ ಇರ್ಲಿಲ್ಲ. ಎರಡನ್ನೂ ಒಂದೇ ಮಾಡ್ಬೇಡ.” ಸರಿಯಾದ ಮಾತು. ನನ್ನ ಅರವತ್ತು ವರ್ಷದ ಸುಳ್ಳಿನ ಜಾಗಕ್ಕೆ ಇನ್ನೊಂದು ಸಿಹಿ ಸುಳ್ಳು ತಂದಿಡಲು ಅವಳು ಬಿಡಲಿಲ್ಲ. ಒಂದು ವಾರ ಇಂಚರಾ ಶಾಲೆಯಿಂದ ನೇರ ಪಕ್ಕದ ಬೀದಿಯ ಗೆಳತಿಯ ಮನೆಗೆ ಹೋದಳು.

ಎಂಟನೆಯ ದಿನ ಭಾನುವಾರ. ನಾನು ರಾಗಿ ನೆನೆಸಿಟ್ಟು ಮೆಟ್ಟಿಲು ಹತ್ತಿ, ಅವಳನ್ನು ಕರೆದೆ. “ತಿನ್ನು ಅಂತ ಕರೀತಿಲ್ಲ ಪುಟ್ಟಿ. ಹಿಡ್ಕೊಳೋಕೆ ಒಬ್ರು ಬೇಕು, ಬಾ.” ಅಮ್ಮನ ಮುಖ ನೋಡಿದಳು. ಪವಿತ್ರ ತಲೆಯಾಡಿಸಿದಳು. ಅವಳ ಕಣ್ಣೆದುರೇ ರಾಗಿ ತೊಳೆದೆ, ಮಿಕ್ಸಿಗೆ ಹಾಕಿದೆ, ನೀರು ಹಾಕಿದೆ. ನನ್ನ ಹಳೆಯ ಪಂಚೆಯ ತುಂಡೊಂದನ್ನು ಬಿಸಿನೀರಲ್ಲಿ ಕುದಿಸಿ ಇಟ್ಟಿದ್ದೆ. ಒಂದು ತುದಿ ಅವಳ ಕೈಗೆ ಕೊಟ್ಟು ತಿರುಚಿದೆ. ಬಟ್ಟೆ ಬಿಗಿದಂತೆ ಅವಳ ಕೈ ನಡುಗಿತು, ಬಿಡಲಿಲ್ಲ. ಹಲ್ಲು ಕಚ್ಚಿ ಹಿಡಿದಿದ್ದಳು. ಬೂದಿಗೆಂಪು ಹಾಲು ಇಳಿಯಿತು. ಒಲೆಯ ಮೇಲೆ ಆ ವಾಸನೆ ಎದ್ದಿತು. ಅವ್ವ ಹೋಗಿ ಎಷ್ಟೋ ವರ್ಷವಾಗಿದೆ. ಒರಳನ್ನು ಮನೆ ಕೆಡವಿದಾಗ ಯಾರೋ ಒಯ್ದರು. ಕೆಂದಿಯನ್ನು ಕಟ್ಟುತ್ತಿದ್ದ ಜಾಗದಲ್ಲಿ ಅಳಿಯನ ಕಾರು ನಿಲ್ಲುತ್ತದೆ. ಒಂದು ವಾಸನೆ ಮಾತ್ರ ಯಾರ ಕೈಗೂ ಸಿಗದೆ ಉಳಿದಿತ್ತು.

ಇಂಚರಾ ಈಗ ಮತ್ತೆ ಕೆಳಗೆ ಬರುತ್ತಾಳೆ. ಆದರೆ ಕಣ್ಣು ಮುಚ್ಚುವುದಿಲ್ಲ. ಪ್ರತಿ ಸಲವೂ, ತಾನೇ ಹಿಂಡಿದ ಹಾಲಾದರೂ, “ಏನೇನಿದೆ ತಾತ?” ಎಂದು ಕೇಳಿಯೇ ಬಾಯಿ ತೆರೆಯುತ್ತಾಳೆ. ಈಚೆಗೆ ಅವಳ ತಮ್ಮನೂ ಪಕ್ಕದಲ್ಲಿ ಕೂತು ತನ್ನ ತೊದಲು ಮಾತಿನಲ್ಲಿ ಅದನ್ನೇ ಕೇಳುತ್ತಾನೆ. ನಾನು ಸೌಟು ಕೆಳಗಿಟ್ಟು, ಇಬ್ಬರ ಮುಖ ನೋಡಿ, ಒಂದೊಂದಾಗಿ ಹೇಳುತ್ತೇನೆ: ರಾಗಿ, ನೀರು, ಬೆಲ್ಲ. ಅಷ್ಟೇ. ಮೊನ್ನೆ ಅವನ ಮೇಲ್ದುಟಿಗೆ ಗಂಜಿ ಮೆತ್ತಿಕೊಂಡಿತ್ತು. ಹೆಗಲ ಮೇಲಿನ ಟವೆಲಿನ ತುದಿಯಿಂದ ಒರೆಸಿದೆ. ಬಟ್ಟೆಯ ಮೇಲೆ ಉಳಿದದ್ದು ನಮ್ಮ ಮನೆಯ ಬಣ್ಣ.